ಬಯೋಕೆಮಿಸ್ಟ್ರಿ ಎಂಎಸ್ಸಿಗೆ ಸಾಲ: ಸಹಿ ಹಾಕುವ ಮುಂಚೆ ಈ ಲೆಕ್ಕ ಹಾಕಿ

ಹೋದ ತಿಂಗಳು ಅಣ್ಣನ ಮಗಳು ಒಂದು ಖಾಸಗಿ ಕಾಲೇಜಿನ ಬಣ್ಣಬಣ್ಣದ ಬ್ರೋಷರ್ ಹಿಡ್ಕೊಂಡು ಮನೆಗೆ ಬಂದಳು. ಬಿಎಸ್ಸಿ ಮುಗಿದಿದೆ, ಈಗ ಎಂಎಸ್ಸಿ ಬಯೋಕೆಮಿಸ್ಟ್ರಿ ಮಾಡಬೇಕಂತೆ, ಫೀಸು ಹಾಸ್ಟೆಲ್ಲು ಎಲ್ಲ ಸೇರಿ ಎರಡು ವರ್ಷಕ್ಕೆ 6 ಲಕ್ಷ. ಪೂರ್ತಿ ಸಾಲ. "ಚಿಕ್ಕಪ್ಪಾ, ಇದು ವರ್ಕೌಟ್ ಆಗುತ್ತಾ ನೋಡಿ" ಅಂದಳು. ಬ್ರೋಷರ್‌ನಲ್ಲಿ ಅತಿ ಹೆಚ್ಚಿನ ಪ್ಯಾಕೇಜ್ ಎಷ್ಟು ಅಂತ ದಪ್ಪ ಅಕ್ಷರದಲ್ಲಿತ್ತು. ಅದು ಒಬ್ಬರಿಗೆ ಸಿಕ್ಕಿದ್ದು, ಅಲ್ವಾ? ಉಳಿದವರಿಗೆ ಎಷ್ಟು ಸಿಕ್ಕಿತು ಅನ್ನೋದು ಎಲ್ಲೂ ಇರಲಿಲ್ಲ. ಹಳೇ ಡೈರಿ ತೆಗೆದು ಇಬ್ಬರೂ ಊಟದ ಟೇಬಲ್ಲಿಗೆ ಕೂತೆವು.

ಮೊದಲ ಕೆಲಸ, ನಿಜವಾದ ಸಂಬಳ ಎಷ್ಟು ಅಂತ ಪತ್ತೆ ಹಚ್ಚುವುದು. ಅದೇ ಕಾಲೇಜಿನಲ್ಲಿ ಒಂದೆರಡು ವರ್ಷ ಹಿಂದೆ ಪಾಸಾದ ಐದು ಜನರನ್ನು ಹಿಡಿಯಿರಿ. ಮೇಷ್ಟ್ರನ್ನು ಕೇಳಬೇಡಿ, ಪ್ಲೇಸ್‌ಮೆಂಟ್ ಆಫೀಸನ್ನಂತೂ ಬೇಡವೇ ಬೇಡ. ಪ್ಯಾಕೇಜ್ ಎಷ್ಟು ಅಂತಲೂ ಕೇಳಬೇಡಿ, "ತಿಂಗಳಿಗೆ ಕೈಗೆ ಎಷ್ಟು ಬರುತ್ತೆ, ಕೆಲಸ ಸಿಗೋಕೆ ಎಷ್ಟು ತಿಂಗಳಾಯ್ತು" ಅಂತ ಕೇಳಿ. ಐದು ಉತ್ತರವನ್ನೂ ಸಣ್ಣದರಿಂದ ದೊಡ್ಡದಕ್ಕೆ ಬರೆದು ನಡುವಿನದನ್ನು ಇಟ್ಟುಕೊಳ್ಳಿ. ಬೊಮ್ಮಸಂದ್ರ, ಜಿಗಣಿ ಕಡೆಯ ಔಷಧ ಕಂಪನಿಗಳಲ್ಲಿ ಕೆಲಸ ಇದೆ, ಇಲ್ಲ ಅಂತಲ್ಲ. ಆದರೆ ಔಷಧದ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ ಅನ್ನೋ ಪರೀಕ್ಷಾ ಯಂತ್ರದ ಮುಂದೆ ನಿಲ್ಲುವ ಆ ಕೆಲಸಕ್ಕೆ ಕೆಮಿಸ್ಟ್ರಿಯವರು, ಬಯೋಟೆಕ್‌ನವರು, ಮೈಕ್ರೋಬಯಾಲಜಿಯವರು, ಬಿಫಾರ್ಮ ಮಾಡಿದವರು ಎಲ್ಲರೂ ಅರ್ಜಿ ಹಾಕುತ್ತಾರೆ. ಹಾಗಾಗಿ ಶುರುವಿನ ಸಂಬಳ ಮೇಲೇಳುವುದು ಕಷ್ಟ. ಸರ್ಕಾರಿ ಮೇಷ್ಟ್ರ ಕೆಲಸದ ಆಸೆ ಇದ್ದರೆ ಹಳೇ ನೇಮಕಾತಿ ಅಧಿಸೂಚನೆ ತೆಗೆದು ನೋಡಿ, ನಿಮ್ಮ ವಿಷಯದ ಹೆಸರು ಅದರಲ್ಲಿ ಇದೆಯಾ ಅಂತ.

ಎರಡನೆಯದು, ಪ್ಯಾಕೇಜನ್ನು ಸಿಪ್ಪೆ ಸುಲಿಯುವುದು. ನಮ್ಮ ಡೈರಿಯ ಲೆಕ್ಕ ಹೀಗಿತ್ತು. ವರ್ಷಕ್ಕೆ 3.6 ಲಕ್ಷ ಅಂತ ಹಿಡಿಯೋಣ, ಅಂದರೆ ತಿಂಗಳಿಗೆ 30,000. ಮೂಲ ವೇತನ 15,000 ಅಂದುಕೊಂಡರೆ ಪಿಎಫ್ 1,800, ಕಂಪನಿ ಕಟ್ಟುವ ಪಿಎಫ್ ಇನ್ನೊಂದು 1,800 (ಅದನ್ನೂ ನಿಮ್ಮ ಪ್ಯಾಕೇಜಿಗೇ ಸೇರಿಸಿರುತ್ತಾರೆ), ಗ್ರಾಚ್ಯುಟಿ ಅಂತ ಸುಮಾರು 720, ವೃತ್ತಿ ತೆರಿಗೆ 200. ಕೈಗೆ ಬರುವುದು ಸುಮಾರು 25,500. ಬೆಂಗಳೂರಿನಲ್ಲಿ ಪಿಜಿಗೆ 9,000, ಓಡಾಟ, ತಿಂಡಿ, ಫೋನಿಗೆ 4,000, ಮನೆಗೆ ಕಳಿಸೋದು, ಹುಷಾರಿಲ್ಲದಿದ್ದರೆ ಅಂತ 3,000 ತೆಗೆದಿಡಿ. ಉಳಿದದ್ದು 9,500. ನಿಮ್ಮ ಊರಿನ ಅಂಕಿ ಹಾಕಿಕೊಳ್ಳಿ, ಆದರೆ ಉಳಿಯೋ ಆ ಕೊನೆಯ ಅಂಕಿಯನ್ನು ಒಂದು ಚೌಕದೊಳಗೆ ಬರೆಯಿರಿ. ಉಳಿದ ಲೆಕ್ಕವೆಲ್ಲ ಅದರ ಜೊತೆಗೇ.

ಇನ್ನು ಸಾಲ. 6 ಲಕ್ಷ ತೆಗೆದುಕೊಂಡರೆ 6 ಲಕ್ಷ ತೀರಿಸಿದರೆ ಸಾಕು ಅಂತ ಅಣ್ಣ ಕೂಡ ಅಂದುಕೊಂಡಿದ್ದ! ಸಾಮಾನ್ಯವಾಗಿ ಓದುವಾಗ ಮತ್ತು ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಶೇ 10 ಅಂತ ಹಿಡಿದರೆ, ಮೊದಲ ವರ್ಷ ಕೊಟ್ಟ 3 ಲಕ್ಷಕ್ಕೆ ಮೂರು ವರ್ಷದ ಸರಳ ಬಡ್ಡಿ 90,000, ಎರಡನೇ ವರ್ಷದ 3 ಲಕ್ಷಕ್ಕೆ ಎರಡು ವರ್ಷದ್ದು 60,000. ಕಂತು ಶುರುವಾಗುವ ದಿನ ಸಾಲ 7.5 ಲಕ್ಷ ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 9,900. ಚೌಕದೊಳಗೆ ಇರೋದು 9,500. ಅವಳು ಪೆನ್ನು ಕೆಳಗಿಟ್ಟು ಸುಮ್ನೆ ಕೂತಳು.

15 ವರ್ಷಕ್ಕೆ ಎಳೆದರೆ ಕಂತು 8,060ಕ್ಕೆ ಇಳಿಯುತ್ತದೆ, ನಿಜ. ಆದರೆ ಕೊನೆಗೆ ಒಟ್ಟು ಕಟ್ಟಿರೋದು 14.5 ಲಕ್ಷ. ಅದಕ್ಕಿಂತ ಓದುವಾಗಲೇ ಅಪ್ಪ ಅಮ್ಮನ ಕೈಲಾದರೆ ಬರೀ ಬಡ್ಡಿ ಕಟ್ಟಿಬಿಡುವುದು ಒಳ್ಳೆಯದು. ಮೊದಲ ವರ್ಷ ತಿಂಗಳಿಗೆ 2,500, ಆಮೇಲೆ 5,000. ಆಗ ಸಾಲ 6 ಲಕ್ಷದಲ್ಲೇ ನಿಂತು ಹತ್ತು ವರ್ಷದ ಕಂತು ಸುಮಾರು 7,930ಕ್ಕೆ ಬರುತ್ತದೆ. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ರಿಯಾಯಿತಿಯನ್ನೂ ಕೊಡುತ್ತವೆ, ಕೇಳಿದರೆ.

ಶಿಕ್ಷಣ ಸಾಲಕ್ಕೆ ಆದಾಯ ತೆರಿಗೆಯ 80ಇ ಅಡಿಯಲ್ಲಿ ಟ್ಯಾಕ್ಸ್ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ, ಬಡ್ಡಿಗೆ ಮಾತ್ರ, 8 ವರ್ಷದವರೆಗೆ ಮಾತ್ರ. 3.6 ಲಕ್ಷದ ಸಂಬಳಕ್ಕೆ ಟ್ಯಾಕ್ಸೇ ಇಲ್ಲ, ಇನ್ನು ಉಳಿಸೋದೇನು?

ಪಿಎಚ್‌ಡಿ ಮಾಡುವ ಮನಸ್ಸಿದ್ದರೆ ಕತೆ ಬೇರೆ. ಸಿಎಸ್‌ಐಆರ್ ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ಮತ್ತು ಮನೆ ಬಾಡಿಗೆ ಭತ್ಯೆ, ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ ಆದ ಮೇಲೆ 42,000. ಅದು ಶುರುವಿನ ಕ್ಯೂಸಿ ಸಂಬಳಕ್ಕಿಂತ ಎಷ್ಟೋ ವಾಸಿ. ಒಂದೇ ತೊಂದರೆ, ಈ ದುಡ್ಡು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಕಂತು ಮಾತ್ರ ತಾರೀಖು ತಪ್ಪುವುದಿಲ್ಲ. ಮೂರು ಕಂತಿನಷ್ಟು ದುಡ್ಡು ಪಕ್ಕಕ್ಕೆ ಇಟ್ಟಿರಬೇಕು. ಜೆಆರ್‌ಎಫ್ ಸಿಕ್ಕೇ ಸಿಗುತ್ತದೆ ಅಂತ ನಂಬಿ ಸಾಲ ಮಾಡುವುದು ಮಾತ್ರ ಬೇಡ.

ಈಗ ಅದೇ ಲೆಕ್ಕವನ್ನು ಸರ್ಕಾರಿ ವಿಶ್ವವಿದ್ಯಾಲಯದ ಮೆರಿಟ್ ಸೀಟಿಗೆ ಹಾಕಿ. ಮೈಸೂರು, ಧಾರವಾಡ, ತುಮಕೂರು, ಶಿವಮೊಗ್ಗದ ಕುವೆಂಪು ವಿವಿ ಎಲ್ಲ ಕಡೆ ಬಯೋಕೆಮಿಸ್ಟ್ರಿ ಇದೆ. ಹಾಸ್ಟೆಲ್ ಸೇರಿ 1.5 ಲಕ್ಷ ಸಾಲ ಬೇಕಾದರೂ, ಅದೇ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು ಸುಮಾರು 4,000. ಡಿಗ್ರಿ ಹೆಸರು ಎರಡೂ ಕಡೆ ಒಂದೇ. ಖಾಸಗಿಯಲ್ಲಿ ಹೊಸ ಉಪಕರಣ ಜಾಸ್ತಿ ಇರಬಹುದು, ಆದರೆ ಲ್ಯಾಬು ನೋಡಲು ಹೋದಾಗ ಮಷಿನ್ ಮೇಲಿನ ಕವರ್ ತೆಗೆಸಿ, ಪಕ್ಕದ ಲಾಗ್ ಬುಕ್‌ನಲ್ಲಿ ಕೊನೆಯ ಎಂಟ್ರಿ ಯಾವಾಗಿನದು ಅಂತ ನೋಡಿ. ನಾವು ಹೋದ ಕಡೆ ಅದು ಏಳು ತಿಂಗಳು ಹಳೆಯದಾಗಿತ್ತು.

ಸಾಲ ಮಾಡಲೇಬೇಕು ಅಂದರೆ ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿ ನಿಮ್ಮ ಸಂಸ್ಥೆ ಇದೆಯಾ ನೋಡಿ. ಇದ್ದರೆ ಅಡಮಾನ, ಜಾಮೀನು ಬೇಕಿಲ್ಲ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವ ತನಕ ಶೇ 3 ಬಡ್ಡಿ ಸಹಾಯಧನಕ್ಕೂ ಅರ್ಜಿ ಹಾಕಬಹುದು. ಬ್ಯಾಂಕಿನಲ್ಲಿ ಬಡ್ಡಿ ದರ ಬದಲಾಗುವಂಥದ್ದಾ, ಕಂತು ಯಾವ ತಿಂಗಳಿಂದ, ಮುಂದೆ ಪಿಎಚ್‌ಡಿಗೆ ಸೇರಿದರೆ ಕಂತು ಮುಂದೂಡುತ್ತಾರಾ ಅಂತ ಕೇಳಿ, ಉತ್ತರವನ್ನು ಮಂಜೂರಾತಿ ಪತ್ರದಲ್ಲಿ ಓದಿದ ಮೇಲೇ ಸಹಿ ಹಾಕಿ.

ಅಣ್ಣನ ಮಗಳು ಬ್ರೋಷರ್ ನಮ್ಮ ಮನೆಯಲ್ಲೇ ಬಿಟ್ಟು ಹೋದಳು. ಎರಡು ಸರ್ಕಾರಿ ವಿವಿಗೆ ಅರ್ಜಿ ಹಾಕಿದ್ದಾಳೆ, ಮೆರಿಟ್ ಪಟ್ಟಿ ಇನ್ನೂ ಬರಬೇಕು.