ಡೈಪರ್ ರ‍್ಯಾಶ್‌ಗೆ ಮನೆಯಲ್ಲೇ ಮಾಡುವ ಮುಲಾಮು

ರ‍್ಯಾಶ್‌ಗೆ ಮುಖ್ಯ ಕಾರಣ ಒದ್ದೆ ಮತ್ತು ಉಜ್ಜಾಟ. ಮುಲಾಮು ಚರ್ಮದ ಮೇಲೆ ಒಂದು ಪದರ ಕಟ್ಟಿ ಒದ್ದೆಯನ್ನು ತಡೆದರೆ ಸಾಕು.

60 ಗ್ರಾಂ ಕೊಬ್ಬರಿ ಎಣ್ಣೆ, 20 ಗ್ರಾಂ ಶಿಯಾ ಬಟರ್ (ಶಿಯಾ ಮರದ ಬೀಜದಿಂದ ತೆಗೆದ ಗಟ್ಟಿ ಕೊಬ್ಬು), 10 ಗ್ರಾಂ ಜೇನುಮೇಣ ಒಂದು ಬಟ್ಟಲಿಗೆ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ನೇರ ಉರಿ ಬೇಡ. ಮೇಣ ಕರಗಲು 62ರಿಂದ 64 ಡಿಗ್ರಿ ಸೆಲ್ಸಿಯಸ್ ಬೇಕು, ಸ್ವಲ್ಪ ತಾಳ್ಮೆ ಇರಲಿ. ಕೆಳಗಿಳಿಸಿ, ಚರ್ಮಕ್ಕೆ ಹಚ್ಚುವ ದರ್ಜೆಯ ಝಿಂಕ್ ಆಕ್ಸೈಡ್ ಪುಡಿ 15 ಗ್ರಾಂ ಸ್ವಲ್ಪ ಸ್ವಲ್ಪವೇ ಬೆರೆಸಿ. ಪುಡಿ ಹಾರುತ್ತದೆ, ಮಾಸ್ಕ್ ಹಾಕಿಕೊಳ್ಳಿ, ಮಗು ಹತ್ತಿರ ಇರಬಾರದು. ಸುಮ್ನೆ ಬಿಟ್ಟರೆ ಪುಡಿಯೆಲ್ಲ ತಳ ಸೇರಿ ಮೇಲೆ ಬರೀ ಎಣ್ಣೆ ಉಳಿಯುತ್ತದೆ. ಅದಕ್ಕೇ ಬಿಳಿಯಾಗಿ, ಚಮಚಕ್ಕೆ ಅಂಟುವಷ್ಟು ಗಟ್ಟಿಯಾಗುವವರೆಗೂ ಕಲಕುತ್ತಲೇ ಇರಿ.

ನೀರು, ಲೋಳೆಸರದ ರಸ ಸೇರಿಸಲೇಬೇಡಿ. ನೀರಿನಂಶ ಇದ್ದ ಕಡೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಡಬ್ಬಿಗೆ ಒದ್ದೆ ಬೆರಳೂ ಬೇಡ. ಪರಿಮಳದ ಎಣ್ಣೆಗಳು ಎಳೆ ಚರ್ಮಕ್ಕೆ ಉರಿ ತರಬಹುದು. ಬೋರಿಕ್ ಪುಡಿಯಂತೂ ಮಕ್ಕಳಿಗೆ ವಿಷ.

ಮೊದಲ ಸಲ ಮಗುವಿನ ತೋಳಿಗೆ ಚೂರು ಹಚ್ಚಿ ಒಂದು ದಿನ ನೋಡಿ. ಆಮೇಲೆ ಚರ್ಮ ಪೂರ್ತಿ ಒಣಗಿಸಿ, ದಪ್ಪವಾಗಿಯೇ ಹಚ್ಚಿ. ಡೈಪರ್ ಬದಲಿಸುವಾಗ ಹಳೆಯದನ್ನೆಲ್ಲ ಉಜ್ಜಿ ತೆಗೆಯಬೇಕಿಲ್ಲ, ಕೊಳೆ ಹೋದರೆ ಸಾಕು. ಉಜ್ಜಿದಷ್ಟೂ ನೋವು ಜಾಸ್ತಿ ಅಲ್ವಾ?

ತೊಡೆಯ ಮಡಿಕೆಯೊಳಗೆ ಕಡುಕೆಂಪಾಗಿ, ಅಂಚಿನಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದರೆ ಅದು ಶಿಲೀಂಧ್ರ ಸೋಂಕಿರಬಹುದು, ಅದಕ್ಕೆ ಬೇರೆ ಔಷಧಿ ಬೇಕು. ಗುಳ್ಳೆ, ಕೀವು, ಜ್ವರ ಕಂಡರೆ ತಕ್ಷಣ, ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೂ ಡಾಕ್ಟರಿಗೆ ತೋರಿಸಿ.