ಹನ್ನೆರಡು ತಂತಿಯ ಹಳೇ ಗಿಟಾರ್, ಒಂದು ಸ್ಟೀಲ್ ಸ್ಕೇಲು

ಹಳೇ ಗಿಟಾರ್ ಕೊಳ್ಳೋಕೆ ಹೋದಾಗ ಮೊದಲು ನುಡಿಸಿ ನೋಡಿದ್ದೇ ನಾನು ಮಾಡಿದ ತಪ್ಪು. ಹನ್ನೆರಡು ತಂತಿಯ ಗಿಟಾರ್‌ನಲ್ಲಿ ಇ, ಎ, ಡಿ, ಜಿ ತಂತಿಗಳ ಪಕ್ಕದಲ್ಲೇ ಒಂದು ಸ್ಥಾಯಿ ಮೇಲಿನ ತೆಳು ತಂತಿ ಇರುತ್ತದೆ. ಉಳಿದ ಎರಡು ಜೋಡಿ ಒಂದೇ ಶ್ರುತಿ. ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದು ಬೆರಳಾಡಿಸಿದೆ, ಅಷ್ಟೇ. ಆಮೇಲೆ ಕಣ್ಣಿಗೆ ಯಾವ ದೋಷವೂ ಕಾಣಲಿಲ್ಲ. ದುಡ್ಡು ಕೊಟ್ಟು ಮನೆಗೆ ತಂದೆ.

ಮಾರಿದವರು ‘ಆಕ್ಷನ್ ಸ್ವಲ್ಪ ಜಾಸ್ತಿ, ಟ್ರಸ್ ರಾಡ್ ತಿರುಗಿಸಿದರೆ ಸರಿಹೋಗುತ್ತೆ’ ಅಂದಿದ್ದರು. ಆಕ್ಷನ್ ಅಂದರೆ ಫ್ರೆಟ್‌ಗಳಿಂದ, ಅಂದರೆ ನೆಕ್ (ಗಿಟಾರ್‌ನ ಉದ್ದನೆಯ ಕತ್ತು) ಮೇಲಿನ ಅಡ್ಡ ಲೋಹದ ಪಟ್ಟಿಗಳಿಂದ, ತಂತಿ ಎಷ್ಟು ಎತ್ತರದಲ್ಲಿದೆ ಅನ್ನೋದು; ಟ್ರಸ್ ರಾಡ್ ಅಂದರೆ ನೆಕ್‌ನ ಬಾಗು ಸರಿಮಾಡಲು ಅದರೊಳಗೆ ಇರುವ ಲೋಹದ ಸರಳು. ಮನೆಯಲ್ಲಿ ಅಳೆದೆ. ಹನ್ನೆರಡನೇ ಫ್ರೆಟ್ ಹತ್ತಿರ ದಪ್ಪ ಇ ತಂತಿಯ ಕೆಳಗೆ 4 ಮಿ.ಮೀ. ಸಂದು. ನನಗೆ ಬೇಕಾಗಿದ್ದು ಎರಡೂವರೆ. ಅದೇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಒಂದು ಬೆರಳು, ಹದಿನಾಲ್ಕನೇ ಫ್ರೆಟ್‌ನಲ್ಲಿ ಇನ್ನೊಂದು ಬೆರಳು ಇಟ್ಟು ಒತ್ತಿದೆ. ನಡುವೆ ಒಂದು ಕಾಗದ ತೂರುವಷ್ಟೇ ಜಾಗ. ಅಂದರೆ ನೆಕ್ ಬಾಗಿರಲೇ ಇಲ್ಲ. ಬಾಗದೇ ಇರುವುದಕ್ಕೆ ಟ್ರಸ್ ರಾಡ್ ಏನು ಮಾಡೀತು?

ಆಗ ಉದ್ದನೆಯ ಸ್ಟೀಲ್ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಮಲಗಿಸಿ ಬ್ರಿಡ್ಜ್ (ಮೇಲ್ಹಲಗೆಗೆ ಅಂಟಿಸಿದ, ತಂತಿಗಳನ್ನು ಸಿಕ್ಕಿಸುವ ಮರದ ತುಂಡು) ಕಡೆಗೆ ಜಾರಿಸಿದೆ. ಎಲ್ಲ ಸರಿಯಿದ್ದರೆ ಸ್ಕೇಲಿನ ತುದಿ ಬ್ರಿಡ್ಜ್ ಮರದ ನೆತ್ತಿಯನ್ನು ಸವರಿಕೊಂಡು ಹೋಗಬೇಕು. ನನ್ನದು ಬ್ರಿಡ್ಜ್‌ನ ಎದೆಗೆ ಹೋಗಿ ಟಕ್ ಅಂತ ಗುದ್ದಿತು. ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿಗಳು ಕೂರುವ ತೆಳು ಪಟ್ಟಿ, ನೋಡಿದೆ: ಹೊರಗೆ ಉಳಿದಿದ್ದು 1 ಮಿ.ಮೀ. ಇದ್ದರೆ ಹೆಚ್ಚು. ಯಾರೋ ಆಕ್ಷನ್ ಇಳಿಸೋಕೆ ಅದನ್ನು ಉಜ್ಜಿ ಉಜ್ಜಿ ಸವೆಸಿಬಿಟ್ಟಿದ್ದಾರೆ. ಇನ್ನು ಉಜ್ಜಲು ಏನೂ ಉಳಿದಿಲ್ಲ. ಅಂದರೆ ಕೆಟ್ಟಿರುವುದು ನೆಕ್ ಗಿಟಾರ್‌ನ ಒಡಲಿಗೆ ಸೇರುವ ಕೋನ.

ಆರು ತಂತಿಯ ಗಿಟಾರ್ ಮೇಲೆ ಸುಮಾರು 70 ಕೆಜಿ ಎಳೆತ ಇದ್ದರೆ, ಇದರ ಮೇಲೆ 100 ಕೆಜಿ ದಾಟುತ್ತದೆ. ಹಗಲೂ ರಾತ್ರಿ, ವರ್ಷಗಟ್ಟಲೆ. ಮರ ತಾನೇ, ಎಷ್ಟು ದಿನ ತಡೆದೀತು?

ಭಯ ಶುರುವಾಗಿತ್ತು, ಅಲ್ವಾ, ಹಾಗಾಗಿ ಉಳಿದಿದ್ದನ್ನೂ ನೋಡಿದೆ. ಬ್ರಿಡ್ಜ್ ಹಿಂದಿನ ಅಂಚಿಗೆ ತೆಳು ಕಾಗದ ತೂರಿಸಿದೆ, ಒಳಗೆ ಹೋಗಲಿಲ್ಲ. ಸದ್ಯ, ಅಂಟು ಬಿಟ್ಟಿಲ್ಲ. ಬ್ರಿಡ್ಜ್ ಹಿಂದೆ ಹೊಟ್ಟೆ ಸ್ವಲ್ಪ ಉಬ್ಬಿದೆ, ಈ ಜಾತಿಯ ಗಿಟಾರ್‌ಗೆ ಅಷ್ಟು ಮಾಮೂಲು. ಮೇಲ್ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದಾಗ ಒಂದು ಕಡೆ ಮಾತ್ರ ಜರ್ ಅಂತ ಸದ್ದು. ಮೊಬೈಲ್ ಟಾರ್ಚ್ ಹಿಡಿದು ಪುಟ್ಟ ಕನ್ನಡಿ ಒಳಗೆ ಇಳಿಸಿದರೆ, ಅಲ್ಲೇ ಒಂದು ಬ್ರೇಸ್‌ನ (ಹಲಗೆಗೆ ಒಳಗಿನಿಂದ ಆಸರೆ ಕೊಡುವ ಮರದ ಪಟ್ಟಿ) ತುದಿ ಎದ್ದಿತ್ತು. ಅದು ಅಂಟಿನ ಕೆಲಸ, ದೊಡ್ಡದಲ್ಲ.

ಖುಷಿ ಕೊಟ್ಟಿದ್ದು ಸೌಂಡ್‌ಹೋಲ್‌ನ, ಅಂದರೆ ಮೇಲ್ಹಲಗೆಯ ದುಂಡು ತೂತಿನ, ಅಂಚು. ಮೇಲೆ ಕಾಣುವ ಮರದ ಗೆರೆಗಳು ಅಂಚಿನಲ್ಲಿ ಹಾಗೇ ಕೆಳಗಿಳಿದು ಒಳಗಡೆ ಮುಂದುವರಿದಿದ್ದವು. ಪ್ಲೈ ಆಗಿದ್ದರೆ ಪದರಗಳು ಕಾಣುತ್ತಿದ್ದವು. ಇದು ಒಂದೇ ಹಲಗೆಯ ಅಸಲಿ ಮರ. ಹಾಗಾಗಿ ಖರ್ಚು ಮಾಡೋದಕ್ಕೆ ಅರ್ಥ ಇದೆ ಅಂತ ನನ್ನ ಲೆಕ್ಕ. ಪ್ಲೈ ಆಗಿದ್ದರೆ ಸುಮ್ನೆ ಗೋಡೆಗೆ ನೇತುಹಾಕುತ್ತಿದ್ದೆ.

ನೆಕ್ ರೀಸೆಟ್ ಅಂದರೆ ಹಬೆ ಕೊಟ್ಟು ನೆಕ್ ಬಿಚ್ಚಿ, ಬುಡವನ್ನು ಕೂದಲೆಳೆಯಷ್ಟು ಕೆತ್ತಿ, ಮತ್ತೆ ಕೂರಿಸೋದು. ನನ್ನ ಕೈಲಾಗೋ ಕೆಲಸ ಅಲ್ಲ, ಬಲ್ಲವರ ಹತ್ತಿರ ಸರದಿಗೆ ಬಿಟ್ಟಿದ್ದೇನೆ. ಅಲ್ಲಿವರೆಗೆ ತೆಳು ತಂತಿ ಹಾಕಿ, ಶ್ರುತಿಯನ್ನು ಒಂದು ಸ್ವರ ಇಳಿಸಿ ಡಿಗೆ ತಂದಿದ್ದೇನೆ. ಮಾಮೂಲಿ ಶ್ರುತಿ ಬೇಕಾದಾಗ ಎರಡನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು). ಐದನೇ ಫ್ರೆಟ್ ದಾಟಿ ಹೋಗದಿದ್ದರೆ ಬೆರಳಿಗೂ ಹಿತ. ಮೊದಲೆಲ್ಲ ಪಟ್ ಅಂತ ಹರಿಯುತ್ತಿದ್ದ ಜಿ ಜೋಡಿಯ ಆ ತೆಳು ತಂತಿ, ಶ್ರುತಿ ಇಳಿಸಿದ ಮೇಲೆ ಒಮ್ಮೆಯೂ ಹರಿದಿಲ್ಲ.