ಹಾಲಿನ ಲೆಕ್ಕದ ಪಕ್ಕ ಬರೆದ ನೋವು

ನನ್ನ ಬಲಗಡೆಯ ಗರ್ಭನಾಳ ತೆಗೆದು 2 ವರ್ಷವಾಯಿತು. ಬಸಿರು ಗರ್ಭಕೋಶಕ್ಕೆ ಇಳಿಯದೆ ನಾಳದಲ್ಲೇ ಕೂತಿತ್ತು. 7ನೇ ವಾರದಲ್ಲಿ ನಾಳ ಒಡೆಯಿತು. ಆ ದಿನ ಹೊಟ್ಟೆಗಿಂತ ಜಾಸ್ತಿ ನೋಯುತ್ತಿದ್ದದ್ದು ಭುಜದ ತುದಿ. ಒಳಗೆ ಸೋರಿದ ರಕ್ತ ಎದೆ-ಹೊಟ್ಟೆಯ ನಡುವಿನ ಪರದೆಗೆ, ಅಂದರೆ ವಪೆಗೆ, ತಾಗಿದರೆ ಹಾಗಾಗುತ್ತದಂತೆ. ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಲ್ಯಾಪರೋಸ್ಕೋಪಿ ಆಪರೇಷನ್ ಮಾಡಿದರು, ಜೀವ ಉಳಿಯಿತು.

ಊರಿಂದ ಬಂದ ಅಮ್ಮ ಮೊದಲ ದಿನವೇ ಮೆಂತೆ ಗಂಜಿಗೆ ಇಟ್ಟರು. "ಇದೂ ಒಂದು ಬಾಣಂತನವೇ ಮಗಾ" ಎಂದರು. ಆಗಲೇ ನಾನು ಮೊದಲ ಸಲ ಜೋರಾಗಿ ಅತ್ತಿದ್ದು.

5 ವಾರಕ್ಕೆ ಮುಟ್ಟು ಬಂತು. ಗಡ್ಡೆ ಗಡ್ಡೆಯಾಗಿ ಹೋಯಿತು. ಮೊದಲ ಒಂದೆರಡು ತಿಂಗಳು ಹಾಗಿರಬಹುದು, ಸರಿ. ಆದರೆ 4ನೇ ತಿಂಗಳಲ್ಲೂ ಕಿಬ್ಬೊಟ್ಟೆ ಹಿಂಡುತ್ತಿತ್ತು, ಮುಟ್ಟಿಲ್ಲದ ದಿನಗಳಲ್ಲೂ. ಡೊಂಬಿವಲಿಯಿಂದ ದಾದರ್‌ಗೆ ಮುಂಬೈ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತೇ ಹೋಗಬೇಕಲ್ವಾ? ಬ್ಯಾಗನ್ನು ಬಲತೊಡೆಯ ಸಂದಿಗೆ ಒತ್ತಿ ಹಿಡಿಯುತ್ತಿದ್ದೆ. ಕುರ್ಲಾ ಬರುವಷ್ಟರಲ್ಲಿ ಬ್ಲೌಸ್ ಬೆವರಿಗೆ ಒದ್ದೆ. "ಆಪರೇಷನ್ ಆಗಿದೆಯಲ್ಲ, ಇರುತ್ತೆ" ಎಂದು ಒಬ್ಬ ಡಾಕ್ಟರ್ ಕಳಿಸಿಬಿಟ್ಟರು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅದರ ಪಕ್ಕದಲ್ಲೇ ನಾನೂ ಶುರುಮಾಡಿದೆ. ಎಷ್ಟು ಪ್ಯಾಡ್ ಅಂತ ಕೆಂಪು ಪೆನ್ನಿನಲ್ಲಿ. ನೋವಿಗೆ 10ಕ್ಕೆ ಎಷ್ಟು ಅಂತ ನೀಲಿಯಲ್ಲಿ, ಯಾವಾಗ, ಏನು ಮಾಡುತ್ತಿದ್ದಾಗ ಅಂತಲೂ. 3 ತಿಂಗಳಾದ ಮೇಲೆ ನೋಡಿದರೆ ನೋವು ಒಂದಲ್ಲ, ಎರಡು! ಒಂದು ಮುಟ್ಟಿನ ಜೊತೆ ಬಂದು ಹೋಗುವುದು. ಇನ್ನೊಂದು ಹೊತ್ತುಗಟ್ಟಲೆ ನಿಂತಾಗ, ಮೂತ್ರ ಕಟ್ಟಿಕೊಂಡಾಗ ಬರುವುದು.

ಆ ಹಾಳೆಗಳನ್ನು ಮಾಟುಂಗದಲ್ಲಿ ಇನ್ನೊಬ್ಬ ಡಾಕ್ಟರಮ್ಮನ ಮುಂದಿಟ್ಟೆ. "ಪಾಳಿ ಕಧೀ ಆಲಿ?" (ಮುಟ್ಟು ಯಾವಾಗ ಬಂತು?) ಎಂದು ಮರಾಠಿಯಲ್ಲಿ ಕೇಳಿದವರು ಉತ್ತರಕ್ಕೂ ಕಾಯದೆ ಹಾಳೆ ಮಗುಚುತ್ತಾ ಹೋದರು. ಸೋನೋಗ್ರಫಿ, ಸೋಂಕಿನ ಟೆಸ್ಟ್ ಮಾಡಿಸಿದರು. ಏನೂ ಸಿಗಲಿಲ್ಲ. ಒಳಗೆ ಗಾಯ ಅಂಟಿಕೊಂಡಿರಬಹುದು, ಅದು ಸೋನೋಗ್ರಫಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ ಎಂದರು. ಹಿಮೋಗ್ಲೋಬಿನ್ 9 ಇತ್ತು, ಕಬ್ಬಿಣದ ಮಾತ್ರೆ ಕೊಟ್ಟರು. ಮುಟ್ಟಿನ ನೋವಿಗೆ ಮೆಫೆನಾಮಿಕ್ ಆಸಿಡ್, ಊಟದ ಮೇಲೆ, ನೋವು ಏರುವ ಮೊದಲೇ.

ಎರಡನೇ ನೋವಿಗೆ ಫಿಸಿಯೋಥೆರಪಿಸ್ಟ್ ಬಳಿ ಕಳಿಸಿದರು. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ನನಗೇ ಗೊತ್ತಿಲ್ಲದೆ ಬಿಗಿಹಿಡಿದಿದ್ದೆನಂತೆ. ಮೊಬೈಲ್ ನೋಡಿ ಆ ಸ್ನಾಯುಗಳನ್ನು ಬಿಗಿದು ಬಿಡುವ ಕೆಗೆಲ್ ವ್ಯಾಯಾಮ ಮಾಡುತ್ತಿದ್ದೆ. ಅದನ್ನು ನಿಲ್ಲಿಸಿದರು. ಬಿಗಿದ ಸ್ನಾಯುವನ್ನು ಇನ್ನೂ ಬಿಗಿದರೆ ನೋವು ಹೆಚ್ಚುತ್ತದೆ. ನೆಲದ ಮೇಲೆ ಮಲಗಿ, ಕಾಲು ಕುರ್ಚಿಯ ಮೇಲಿಟ್ಟು, ಹೊಟ್ಟೆ ಉಬ್ಬುವ ಹಾಗೆ ನಿಧಾನಕ್ಕೆ ಉಸಿರೆಳೆದು ಕೆಳಗೆ ಸಡಿಲ ಬಿಡಬೇಕು. ಬೆಳಿಗ್ಗೆ 10 ನಿಮಿಷ, ರಾತ್ರಿ 10 ನಿಮಿಷ. 2 ತಿಂಗಳಲ್ಲಿ ನೀಲಿ ಅಂಕೆ 7ರಿಂದ 3ಕ್ಕೆ ಇಳಿಯಿತು. ಪೂರ್ತಿ ಹೋಗಿಲ್ಲ.

ಮುಂದಿನ ಬಸಿರೂ ನಾಳದಲ್ಲೇ ನಿಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 10. ಹಾಗಾಗಿ ಮುಟ್ಟು ತಡವಾದರೆ ಅದೇ ವಾರ ಟೆಸ್ಟ್ ಮಾಡುತ್ತೇನೆ. ಗಂಟೆಗೊಂದು ಪ್ಯಾಡ್ ತೊಯ್ದರೆ, ಭುಜದ ತುದಿ ನೋಯುತ್ತಿದ್ದರೆ, ತಲೆ ತಿರುಗಿದರೆ ಕ್ಯಾಲೆಂಡರಿನಲ್ಲಿ ಬರೆಯುತ್ತಾ ಕೂರಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.